ನಮ್ಮೂರ ವಿಲನ್‌ಗೆ ಮೀಸೆಯೇ ಇರಲಿಲ್ಲ!

ವಿಲನ್ ಅಂದರೆ ಹೇಗಿರಬೇಕು? ನೀವೇ ಹೇಳಿ ಓದುಗರೇ!

ಮೀಸೆ ಇರಬೇಕು. ಕಣ್ಣು ಕೆಂಡದ ಹಾಗಿರಬೇಕು. ಗುಂಡಿ ಒತ್ತಿದರೆ ಸರ್ರನೆ ಸರಿಯುವ ಗೋಡೆ, ಗೋಡೆಯ ಹಿಂದೆ ಕೆಂಪು-ಹಸಿರು ದೀಪದ ಅಡ್ಡೆ, ಅಲ್ಲಿ "ಯೆಸ್ ಬಾಸ್!" ಅನ್ನಲಿಕ್ಕೆ ಪಟ್ಟೆ ಬನಿಯನ್ ತೊಟ್ಟ ನಾಲ್ಕು ಜನ ದಾಂಡಿಗರು. ಇಷ್ಟೆಲ್ಲ ಇದ್ದರೇನೇ ವಿಲನ್. 1968ರ 'ಜೇಡರ ಬಲೆ'ಯಲ್ಲಿ ಅಣ್ಣಾವ್ರು ಸಿ.ಐ.ಡಿ. 999 ಆಗಿ ಬಂದರಲ್ಲ, ಅದನ್ನು ಮಾರ್ನಿಂಗ್ ಷೋದಲ್ಲಿ ಮತ್ತೆ ಮತ್ತೆ ನೋಡಿ ಬೆಳೆದ ನಮಗೆ ಗೊತ್ತಿದ್ದದ್ದು ಇಷ್ಟೇ. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ವಜ್ರಮುನಿಯವರು ಹಳ್ಳಿ ಸಾಹುಕಾರನಾಗಿ ಗುಡುಗಿದಾಗ ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ಕೂತಿದ್ದ ನಾನು ಪಕ್ಕದವನ ತೊಡೆ ಗಟ್ಟಿಯಾಗಿ ಹಿಡಕೊಂಡಿದ್ದೆ. ಸಿನಿಮಾ ಬಿಟ್ಟ ಮೇಲೆ ಊರ ತುಂಬ ಅಂಥ ಮುಖ ಹುಡುಕೋದೇ ನಮ್ಮ ಓಣಿ ಹುಡುಗರ ಆಟ. ಮೀಸೆ ದಪ್ಪಗಿತ್ತು ಅನ್ನೋ ಒಂದೇ ತಪ್ಪಿಗೆ ಪಾಪದ ಕಟ್ಟಿಗೆ ಡಿಪೋದವನೊಬ್ಬನನ್ನು ಸ್ಮಗ್ಲರ್ ಅಂತ ತೀರ್ಮಾನಿಸಿ ಎರಡು ವಾರ ಹಿಂಬಾಲಿಸಿದ್ದೆವು!

ನಿಜವಾದವರು ನಮ್ಮ ಶಾಲೆಯ ವೇದಿಕೆ ಮೇಲೆ ಕೂತು ಬಹುಮಾನ ಹಂಚುತ್ತಿದ್ದರು. ನುಣ್ಣಗೆ ಬೋಳಿಸಿದ ಮುಖ, ಬಿಳಿ ಪಂಚೆ, ಬಿಳಿ ಅಂಗಿ, ಬಾಯಲ್ಲಿ ಏಲಕ್ಕಿ. ಲೆಕ್ಕದಲ್ಲಿ ಹೆಚ್ಚು ಮಾರ್ಕು ತೆಗೆದಿದ್ದೆ ಅಂತ ನನಗೂ ಒಂದು ಕಂಪಾಸ್ ಬಾಕ್ಸು ಕೊಟ್ಟು, ತಲೆ ಸವರಿ, "ಚೆನ್ನಾಗಿ ಓದಪ್ಪಾ" ಅಂದರು. ಆ ಕಂಪಾಸ್ ಬಾಕ್ಸು ಮುಂದೆ ಏನೇನು ಹೊತ್ತಿತು ಅನ್ನೋದೇ ಈ ಬರಹ.

ಹೆಸರು ಬರೆಯೋದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಊರಲ್ಲಿ ಮರ್ಯಾದೆಯಿಂದ ಬಾಳ್ತಾ ಇದ್ದಾರೆ. ಟಾಕೀಸು, ಮಿಲ್ಲು, ಠಾಣೆ ಯಾವುದರ ಹೆಸರೂ ಬೇಡ. ಊರಿನ ಹೆಸರು ಮಾತ್ರ ಹೇಳ್ತೀನಿ. ದಾವಣಗೆರೆ!

ಹತ್ತಿಯ ಊರು

ಇವತ್ತು ದಾವಣಗೆರೆ ಅಂದರೆ ಬೆಣ್ಣೆ ದೋಸೆ ಅಂತೀರಿ. ನನ್ನ ಕಾಲದಲ್ಲಿ ಹತ್ತಿ! ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡಿದ್ದ ಊರು. ಆಗ ಅದು ಜಿಲ್ಲಾ ಕೇಂದ್ರವೂ ಅಲ್ಲ. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು, ಸ್ವಂತ ಜಿಲ್ಲೆಯಾದದ್ದು 1997ರಲ್ಲಿ. ಆದರೆ ದುಡ್ಡಿನ ಓಡಾಟ ನೋಡಿದರೆ ಯಾವ ದೊಡ್ಡ ಊರಿಗೂ ಕಡಿಮೆ ಇರಲಿಲ್ಲ. ಪಿ.ಬಿ. ರೋಡಿನ ಮೇಲೆ ಹಗಲೂ ರಾತ್ರಿ ಲಾರಿ. ಮಿಲ್ಲಿನ ಸೈರನ್ ಕೂಗಿದರೆ ನಮ್ಮ ಓಣಿಯ ಗಡಿಯಾರ ಕೂಗಿದ ಹಾಗೆ. ಅಪ್ಪ ಶಿಫ್ಟು ಮುಗಿಸಿ ಬಂದರೆ ಕೂದಲು, ಹುಬ್ಬು, ಕಿವಿಯೊಳಗೆಲ್ಲ ಬಿಳೀ ಹತ್ತಿ ನಾರು. ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಸೆರಗಿನಿಂದ ಝಾಡಿಸೋಳು.

ಅಪ್ಪನ ಸೊಂಟದ ದಾರಕ್ಕೆ ಒಂದು ಹಿತ್ತಾಳೆ ಬಿಲ್ಲೆ ಕಟ್ಟಿರ್ತಿತ್ತು. ಮಿಲ್ಲಿನ ಬಿಲ್ಲೆ. ಅದರ ಮೇಲೆ 318. ಅಂಬೆಗಾಲಿಡುವಾಗ ನಾನು ಬಾಯಿಗೆ ಹಾಕಿಕೊಂಡು ಆಡುತ್ತಿದ್ದ ಬಿಲ್ಲೆಯಂತೆ ಅದು. ಅ ಆ ಇ ಈ ಕಲಿಯೋಕೆ ಮುಂಚೆ 318 ಕಲಿತಿದ್ದೆ.

ಬಟವಾಡೆ ದಿನ ಮಿಲ್ಲಿನ ಗೇಟಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಅಪ್ಪ ಬರೋದಕ್ಕೆ ಮೂರು ತಾಸು ಹಿಡಿಯೋದು. ದಾರಿಯಲ್ಲಿ ಮೊದಲು ಹೆಂಡದಂಗಡಿ, ಆಮೇಲೆ ಮಂಡಕ್ಕಿ ಮಿರ್ಚಿ ಗಾಡಿ, ಆಮೇಲೆ ಬೀಡಾ ಅಂಗಡಿ. ಅಪ್ಪ ಕುಡೀತಿರಲಿಲ್ಲ. ಅಮ್ಮನಿಗೆ ಅದೇ ಸಮಾಧಾನ. "ನಮ್ಮ ಯಜಮಾನ್ರು ಕುಡಿಯಂಗಿಲ್ಲ, ದುಗ್ಗಮ್ಮನಾಣೆ" ಅಂತ ನೆರೆಯವರ ಹತ್ತಿರ ಹೇಳಿಕೊಳ್ಳೋಳು. ಆದರೆ ಸಂಬಳ ಎಲ್ಲಿ ಸೋರ್ತಾ ಇತ್ತು? ಆ ಬೀಡಾ ಅಂಗಡಿಯಲ್ಲಿ!

ಹರಿಯದ ಟಿಕೆಟ್ಟು

ಬೀಡಾ ಅಂಗಡಿಗೆ ಹೋಗೋ ಮುಂಚೆ ನಮ್ಮ ಮಾವನ ಪರಿಚಯ ಮಾಡಿಕೊಡಬೇಕು. ಅಮ್ಮನ ತಮ್ಮ. ಆಗಿನ್ನೂ ಮದುವೆಯಾಗಿರಲಿಲ್ಲ. ಅಂಬರೀಶ್ ಥರ ಕೂದಲು, ದೊಗಳೆ ಬೆಲ್‌ಬಾಟಮ್ಮು, ಟಾಕೀಸಿನಲ್ಲಿ ಗೇಟ್‌ಕೀಪರ್ ಕೆಲಸ. ಗೇಟ್‌ಕೀಪರ್ ಮಾವ ಇರೋ ಹುಡುಗ ಅಂದರೆ ಓಣಿಯಲ್ಲಿ ನನ್ನ ಗತ್ತೇ ಬೇರೆ! ವಾರಕ್ಕೆ ಎರಡು ಸಿನಿಮಾ, ಒಂದು ಪೈಸೆ ಖರ್ಚಿಲ್ಲದೆ.

ಹೇಗೆ ಅಂತೀರಾ? ಟಿಕೆಟ್ಟಿನಲ್ಲಿ ಎರಡು ಭಾಗ. ಗೇಟಿನಲ್ಲಿ ಅರ್ಧ ಹರಿದು ಇಟ್ಟುಕೊಂಡು ಇನ್ನರ್ಧ ನೋಡುಗನಿಗೆ ಕೊಡಬೇಕು. ಆ ಟಿಕೆಟ್ಟಿನ ಲೆಕ್ಕದ ಮೇಲೇ ಸರ್ಕಾರಕ್ಕೆ ಮನರಂಜನಾ ತೆರಿಗೆ, ಅದರ ಮೇಲೇ ಚಿತ್ರ ಕೊಟ್ಟ ಹಂಚಿಕೆದಾರನ ಪಾಲು. ನಮ್ಮ ಮಾವ ಏನು ಮಾಡ್ತಿದ್ದ? ಸೆಕೆಂಡ್ ಷೋ ನೂಕುನುಗ್ಗಲಿನಲ್ಲಿ "ನಡೀರಿ ನಡೀರಿ, ಟೈಟಲ್ಸು ಬಂತು!" ಅಂತ ಕೂಗ್ತಾ ಟಿಕೆಟ್ಟನ್ನು ಇಡಿಯಾಗಿಯೇ ಇಸಕೊಂಡು ಒಳಗೆ ಬಿಡ್ತಿದ್ದ. ಅರ್ಧ ಗಂಟೆ ಆದ ಮೇಲೆ ಆ ಕಟ್ಟು ಹಿಂದಿನ ಬಾಗಿಲಿಂದ ಮತ್ತೆ ಬುಕಿಂಗ್ ಕಿಟಕಿಗೆ. ಮಾರನೇ ದಿನ ಅದೇ ಟಿಕೆಟ್ಟು ಇನ್ನೊಬ್ಬನಿಗೆ! ಒಂದು ಟಿಕೆಟ್ಟಿಗೆ ಎರಡು ಜನ, ಲೆಕ್ಕದಲ್ಲಿ ಒಬ್ಬನೇ. ಹಂಚಿಕೆದಾರರ ಕಡೆಯಿಂದ ಲೆಕ್ಕ ನೋಡಲಿಕ್ಕೆ ಒಬ್ಬ ರೆಪ್ರೆಸೆಂಟೇಟಿವ್ ಬರೋರು. ಮ್ಯಾನೇಜರ್ ಕೋಣೆಯಲ್ಲಿ ಕೂರಿಸಿ, ಮಿರ್ಚಿ ತರಿಸಿ, ಸೋಡಾ ಒಡೆದು, ಕವರು ಕೊಟ್ಟರೆ ಅವರಿಗೆ ಟಿಕೆಟ್ಟು ಎಣಿಸೋ ಆಸಕ್ತಿ ತಾನೇ ಇಳಿದುಹೋಗ್ತಿತ್ತು.

ಹೊರಗೆ ಬ್ಲಾಕ್ ಟಿಕೆಟ್. ಹೊಸ ಚಿತ್ರ ಬಂದ ಶುಕ್ರವಾರ ಕಿಟಕಿ ತೆರೆದು ಹತ್ತು ನಿಮಿಷಕ್ಕೆ 'ಹೌಸ್ ಫುಲ್' ಬೋರ್ಡು. ಒಂದೂಕಾಲು ರೂಪಾಯಿ ಟಿಕೆಟ್ಟು ಹೊರಗೆ ಮೂರು ರೂಪಾಯಿ. ಮಾರೋ ಹುಡುಗರ ಪಕ್ಕದಲ್ಲೇ ಪೊಲೀಸಪ್ಪ ಲಾಠಿ ಹಿಡಿದು ಕ್ಯೂ ಸರಿ ಮಾಡ್ತಿದ್ದ!

ಇದನ್ನೆಲ್ಲ ನಾನು ಕಳ್ಳತನ ಅಂದುಕೊಂಡೇ ಇರಲಿಲ್ಲ. ಟಾಕೀಸು ನಡೆಯೋದೇ ಹೀಗೆ ಅಂತ ತಿಳಿದಿದ್ದೆ. ಈಗ ಕೂತು ಲೆಕ್ಕ ಹಾಕಿದರೆ ನಗು ಬರುತ್ತೆ. ಅಣ್ಣಾವ್ರು ನ್ಯಾಯ ನೀತಿ ಅಂತ ಎದೆ ತಟ್ಟಿಕೊಂಡು ಹೇಳಿದ ಮಾತನ್ನೆಲ್ಲ ನಾನು ಕೇಳಿದ್ದು ಕದ್ದ ಸೀಟಿನಲ್ಲಿ ಕೂತು. ಮಾವನಿಗೆ ಮಾತ್ರ ಗೊತ್ತಿತ್ತು. "ಅಳಿಯಾ, ಈ ಕೆಲ್ಸ ಶಾಶ್ವತ ಅಲ್ಲ ಕಣಲೇ. ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲ್ಸಕ್ಕೆ ಅರ್ಜಿ ಹಾಕೀನಿ. ಟಿಕೆಟ್ ಹರಿಯೋದು ನಂಗೆ ಬರ್ತೈತಲ್ಲ!" ಅಂತ ನಗೋನು.

ಮೇಲಿನ ಮನೆ

1979ರಲ್ಲಿ ನನಗೆ ಹನ್ನೆರಡು. ಬೀಡಾ ಅಂಗಡಿಯವನು ಒಂದು ಸಂಜೆ ಕರೆದ. "ತಮ್ಮಾ, ಸ್ಕೂಲಿಂದ ಬರ್ತಾ ಇಲ್ಲಿ ನಿಂತ್ಕೊ. ಒಂದು ಪೊಟ್ಟಣ ಕೊಡ್ತೀನಿ. ಪೇಟೆ ಹಿಂದಿನ ಆ ಮಾಳಿಗೆ ಮನೆಗೆ ಕೊಟ್ಬಿಟ್ಟು ಹೋಗು. ದಿನಾ ಎಂಟಾಣೆ."

ಎಂಟಾಣೆ! ಎಂಟಾಣೆಗೆ ಆಗ ಮಂಡಕ್ಕಿ ಮಿರ್ಚಿ ತಿಂದು, ಸಿನಿಮಾ ಹಾಡಿನ ಪುಸ್ತಕ ಕೊಳ್ಳಬಹುದಿತ್ತು. ನಾನು ಕೇಳಲೂ ಇಲ್ಲ, ಪೊಟ್ಟಣದಲ್ಲಿ ಏನು ಅಂತ. ಸಿಗರೇಟು ಪ್ಯಾಕಿನ ಒಳಗಿನ ಕಾಗದದಲ್ಲಿ ಬರೆದ ಸಣ್ಣ ಸಣ್ಣ ಚೀಟಿಗಳು. ಪೊಲೀಸರು ಶಾಲೆ ಹುಡುಗನ ಕಂಪಾಸ್ ಬಾಕ್ಸು ತೆಗೆಸಿ ನೋಡ್ತಾರೆಯೇ? ಕೈವಾರ, ಸ್ಕೇಲು, ಅದರ ಕೆಳಗೆ ಚೀಟಿ. ಆ ಮಾಳಿಗೆ ಮನೆಗೆ ಓಣಿಯ ದೊಡ್ಡವರೆಲ್ಲ ಪಿಸುಮಾತಿನಲ್ಲಿ ಹೇಳುತ್ತಿದ್ದ ಹೆಸರು 'ಮೇಲಿನ ಮನೆ'. ಅಲ್ಲಿ ಒಂದು ಟೆಲಿಫೋನು, ಒಂದು ಗಡಿಯಾರ, ಲೆಕ್ಕ ಬರೆಯೋ ಇಬ್ಬರು ಗುಮಾಸ್ತರು. ಕೆಂಪು ದೀಪವೂ ಇಲ್ಲ, ಹಸಿರು ದೀಪವೂ ಇಲ್ಲ. ಗೋಡೆ ಮೇಲೆ ದೇವರ ಫೋಟೋ, ಮೂಲೆಯಲ್ಲಿ ಕುಡಿಯೋ ನೀರಿನ ಮಡಕೆ. ತಿಂಗಳೊಪ್ಪತ್ತು ಹೋಗಿ ಬಂದ ಮೇಲೆ ಒಂದು ಸಂಜೆ ಒಳಕೋಣೆಯಿಂದ ಹೊರಬಂದವರು ಯಾರು? ನನಗೆ ಕಂಪಾಸ್ ಬಾಕ್ಸು ಕೊಟ್ಟ ಬಿಳಿ ಪಂಚೆ ಸಾಹುಕಾರ್ರು! ನನ್ನನ್ನು ನೋಡಿ ಅದೇ ನಗು. "ಓದ್ತಾ ಇದೀಯೇನಪ್ಪಾ?"

ಮಟ್ಕಾ ಏನು ಅನ್ನೋದು ಇವತ್ತಿನ ಹುಡುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನ್ಯೂಯಾರ್ಕಿನ ಹತ್ತಿ ಪೇಟೆಯ ದರ ತಂತಿ ಮೂಲಕ ಬೊಂಬಾಯಿಗೆ ಬರ್ತಿತ್ತು. ಬೆಳಗಿನ ಓಪನ್ ದರ ಎಷ್ಟು, ಸಂಜೆಯ ಕ್ಲೋಸ್ ದರ ಎಷ್ಟು ಅಂತ ಬೊಂಬಾಯಿಯ ಜನ ಬಾಜಿ ಕಟ್ಟೋರು. 1961ರಲ್ಲಿ ಆ ದರ ಬರೋದು ನಿಂತಿತು. ಬಾಜಿ ನಿಲ್ಲುತ್ತದೆಯೇ? ದರ ಇಲ್ಲದಿದ್ದರೆ ಅಂಕಿ ನಾವೇ ಎತ್ತೋಣ ಅಂದರು. 1962ರಲ್ಲಿ ಕಲ್ಯಾಣ್‌ಜಿ ಭಗತ್ ಎಂಬಾತ ವರ್ಲಿಯಲ್ಲಿ ಶುರು ಮಾಡಿದ, 1964ರಲ್ಲಿ ರತನ್ ಖತ್ರಿ ತನ್ನದೇ ಇನ್ನೊಂದು ಆಟ ತೆಗೆದ. ಅಂಕಿ ಬರೆದ ಚೀಟಿ ಹಾಕಿ ಎತ್ತುತ್ತಿದ್ದ ಮಡಕೆಯಿಂದ ಬಂದ ಹೆಸರು ಮಟ್ಕಾ. ಆಮೇಲೆ ಮಡಕೆ ಹೋಗಿ ಇಸ್ಪೀಟು ಎಲೆ ಬಂತು. ಮೂರು ಅಂಕಿ ಎತ್ತಿ ಕೂಡಿಸಬೇಕು. 5, 3, 6 ಬಂದರೆ 14. ಕೊನೆಯ ಅಂಕಿ 4, ಅದೇ ಓಪನ್. ಮತ್ತೆ ಮೂರು ಎತ್ತಿದರೆ ಕ್ಲೋಸ್. ಎರಡೂ ಸೇರಿದರೆ ಜೋಡಿ. ರಾತ್ರಿ ಒಂಬತ್ತರ ಹೊತ್ತಿಗೆ ಓಪನ್, ಹನ್ನೆರಡರ ಹೊತ್ತಿಗೆ ಕ್ಲೋಸ್. ಬೊಂಬಾಯಿಯಲ್ಲಿ ಎತ್ತಿದ ಅಂಕಿ ಫೋನಿನಲ್ಲಿ ಊರೂರಿಗೆ ಓಡೋದು. ಬೆಳಗಾಗುವಷ್ಟರಲ್ಲಿ ನಮ್ಮ ಓಣಿಯ ಗೋಡೆ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದಿರ್ತಿದ್ದರು.

ನೋಡಿ ವಿಚಿತ್ರ! ಹಗಲೆಲ್ಲ ಹತ್ತಿ ನೂತು ಅಪ್ಪ ದುಡಿದದ್ದನ್ನು ರಾತ್ರಿ ತಿಂದುಹಾಕುತ್ತಿದ್ದ ಆ ಅಂಕಿ ಕೂಡ ಹತ್ತಿಯ ಹೊಟ್ಟೆಯಲ್ಲೇ ಹುಟ್ಟಿದ್ದು.

ನಮ್ಮೂರಲ್ಲಿ ಜೋಡಿ ಬಿದ್ದರೆ ಒಂದಕ್ಕೆ ಎಂಬತ್ತು. ನೂರು ಜೋಡಿಯಲ್ಲಿ ಬೀಳೋದು ಒಂದೇ. ನೂರು ಜನ ನೂರು ಅಂಕಿಗೆ ಒಂದೊಂದು ರೂಪಾಯಿ ಕಟ್ಟಿದರೆ ಎಂಬತ್ತು ಒಬ್ಬನಿಗೆ, ಇಪ್ಪತ್ತು ಮೇಲಿನ ಮನೆಗೆ. ಬೀಡಾ ಅಂಗಡಿಯವನ ಕಮಿಷನ್ನು, ಠಾಣೆಯ ಮಾಮೂಲಿ, ಗಣೇಶನ ಪೆಂಡಾಲು, ನಮ್ಮ ಶಾಲೆಯ ಬೆಂಚು, ನನ್ನ ಕಂಪಾಸ್ ಬಾಕ್ಸು… ಎಲ್ಲ ಆ ಇಪ್ಪತ್ತರಲ್ಲಿ! ಲೆಕ್ಕದಲ್ಲಿ ಬಹುಮಾನ ತಗೊಂಡ ನಾನೇ ಈ ಲೆಕ್ಕ ಮಾಡಲಿಲ್ಲ. ಜನರ ಲೆಕ್ಕವೇ ಬೇರೆ. ಕನಸಿನಲ್ಲಿ ಹಾವು ಬಂದರೆ ಒಂದು ಅಂಕಿ, ಹೆಣ ಬಂದರೆ ಇನ್ನೊಂದು. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಹುಚ್ಚ ಇದ್ದ. ಅವನು ಎಷ್ಟು ಕಲ್ಲು ಎಸೆದ ಅಂತ ಎಣಿಸಲಿಕ್ಕೇ ನಾಲ್ಕು ಜನ ನಿಂತಿರೋರು. ಸಿ.ಐ.ಡಿ. 999 ಮತ್ತೆ ಬಂದ ವಾರ ಒಂಬತ್ತಕ್ಕೆ ಬಿದ್ದ ದುಡ್ಡು ನೋಡಿ ಮೇಲಿನ ಮನೆಯ ಗುಮಾಸ್ತರೇ ಬೆವತಿದ್ದರು!

ಅಪ್ಪನ ಚೀಟಿ

1980, ಒಂದು ಬಟವಾಡೆ ದಿನ. ಅಮ್ಮ ಅಕ್ಕಿ ಡಬ್ಬ ತೊಳೆದು ಬೋರಲು ಹಾಕಿ ಕಾಯ್ತಾ ಇದ್ದಳು. ನಾನು ಬೀಡಾ ಅಂಗಡಿಯಿಂದ ಪೊಟ್ಟಣ ಇಸಕೊಂಡು ಹೊರಟೆ. ದಾರಿಯಲ್ಲಿ ಕಂಪಾಸ್ ಬಾಕ್ಸು ಜಾರಿ ಬಿತ್ತು, ಚೀಟಿಗಳು ಚೆಲ್ಲಿದವು. ಆಯ್ದುಕೊಳ್ಳುವಾಗ ಒಂದರ ಮೇಲೆ ಕಣ್ಣು ನಿಂತಿತು.

63 ಜೋಡಿ. 5 ರೂಪಾಯಿ. ಮೂಲೆಯಲ್ಲಿ ಆಡಿದವನ ಗುರುತು: 318.

ಓದುಗರೇ, ಅಲ್ಲಿಯವರೆಗೆ ಚೀಟಿ ಆಡೋರು ಯಾರೋ ಬೇರೆ ಜನ ಅಂದುಕೊಂಡಿದ್ದೆ. ಒಂದು ವರ್ಷದಿಂದ ನಮ್ಮ ಮನೆಯ ಅಕ್ಕಿಯನ್ನೇ ನಾನು ಹೊತ್ತು ಮೇಲಿನ ಮನೆಗೆ ಮುಟ್ಟಿಸ್ತಾ ಇದ್ದೆ. ಅದಕ್ಕೆ ನನಗೆ ದಿನಾ ಎಂಟಾಣೆ ಕೂಲಿ!

ಹದಿಮೂರು ವರ್ಷದ ಬುದ್ಧಿ. ನನಗೆ ಹೊಳೆದದ್ದು ಟಾಕೀಸಿನ ನ್ಯಾಯ. ಮಧ್ಯದಲ್ಲಿ ಕರೆಂಟು ಹೋಗಿ ಷೋ ನಿಂತರೆ ದುಡ್ಡು ವಾಪಸ್ ಕೊಡ್ತಾರಲ್ಲ? ಹಾಗೆಯೇ ಚೀಟಿ ಮುಟ್ಟದಿದ್ದರೆ ಅಪ್ಪನ ಐದು ರೂಪಾಯಿ ವಾಪಸ್ ಬರುತ್ತೆ ಅಂದುಕೊಂಡೆ. ಆ ಒಂದು ಚೀಟಿಯನ್ನು ಚಡ್ಡಿ ಜೇಬಿಗೆ ಸೇರಿಸಿ ಉಳಿದದ್ದನ್ನು ಕೊಟ್ಟು ಬಂದೆ. ರಾತ್ರಿ ದೊಡ್ಡ ಸಾಹಸ ಮಾಡಿದ ಹೀರೋ ಥರ ನಿದ್ದೆ ಹೋದೆ.

ಬೆಳಗ್ಗೆ ಗೋಡೆ ಮೇಲೆ ಬರೆದಿತ್ತು. 63!

ಅಪ್ಪ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಐದಕ್ಕೆ ನಾನ್ನೂರು ರೂಪಾಯಿ, ಹೆಚ್ಚೂಕಡಿಮೆ ಒಂದು ತಿಂಗಳ ಸಂಬಳ. ಅಮ್ಮನ ಮುಂದೆ ಚೀಟಿಯ ವಿಷಯ ಮೊದಲ ಸಲ ಬಾಯಿ ಬಿಟ್ಟು ಹೇಳಿ, "ನಿಂಗೊಂದು ಸೀರೆ, ಇವನಿಗೆ ಬೂಟು" ಅಂತ ಅಂಗಿ ಏರಿಸಿಕೊಂಡು ಹೊರಟರು. ಅಮ್ಮ ಬೈಯಬೇಕೋ ನಗಬೇಕೋ ತಿಳಿಯದೆ ನಿಂತಿದ್ದಳು. ನಾನು ಅಪ್ಪನ ಹಿಂದೆ ಓಡಿದೆ. ಜೇಬಿನಲ್ಲಿ ಆ ಚೀಟಿ ಇನ್ನೂ ಇತ್ತು.

ಅಂಗಡಿ ಮುಂದೆ ಜನ. ಬೀಡಾದವನ ಮುಖ ಬಿಳಿಚಿಕೊಂಡಿದೆ. "ಚೀಟಿ ನಾನು ಕಳ್ಸೀನಿ ಅಣ್ಣಾ. ಮೇಲಿನ ಮನೇಲಿ ಬಂದಿಲ್ಲ ಅಂತಾರೆ. ನಾನೇನು ಮಾಡ್ಲಿ?" ಅಪ್ಪ ತನ್ನ ಕೈಲಿದ್ದ ಜೋಡಿ ಚೀಟಿ ಎತ್ತಿ ಎತ್ತಿ ತೋರಿಸ್ತಾ ಇದ್ದರು. ಮಿಲ್ಲಿನವರು ಹತ್ತು ಹದಿನೈದು ಜನ ಸೇರಿ ಗಲಾಟೆ. "ಯಾರಲೇ ಒಯ್ದದ್ದು ನಿನ್ನೆ?" ಅಂತ ಯಾರೋ ಕೂಗಿದರು. ಬೀಡಾದವನ ಕಣ್ಣು ಗುಂಪಿನಲ್ಲಿ ನನ್ನನ್ನು ಹುಡುಕ್ತಾ ಇತ್ತು. ನನ್ನ ಕಾಲು ನಡುಗ್ತಾ ಇತ್ತು.

ಆಗ ಮಾವ! ಮ್ಯಾಟಿನಿಗೆ ಅಂತ ಹೊರಟವನು ಗಲಾಟೆ ಕಂಡು ನಿಂತಿದ್ದ. ನನ್ನ ಮುಖ ನೋಡಿದ. ಒಂದೇ ಸಲ. "ನಾನೇ ಒಯ್ದಿದ್ದೆ. ಹುಡುಗನ ಕೈಯಿಂದ ಇಸಕೊಂಡು ನಾನೇ ಹೋಗಿದ್ದೆ. ದಾರ್ಯಾಗೆ ಎಲ್ಲೋ ಬಿದ್ದು ಹೋಗಿರಬೇಕು" ಅಂದ.

"ಒಂದು ಹೆಸರು ಬೇಕಾಗೈತೆ"

ಸಿನಿಮಾದಲ್ಲಾದರೆ ಇಲ್ಲಿ ಫೈಟಿಂಗು. ನಮ್ಮೂರಲ್ಲಿ ಏನಾಯಿತು ಗೊತ್ತೇ? ಸಾಹುಕಾರ್ರೇ ಬಂದರು, ಸೈಕಲ್ ರಿಕ್ಷಾದಲ್ಲಿ. ಯಾರನ್ನೂ ಗದರಲಿಲ್ಲ. ಅಪ್ಪನ ಕೈಲಿದ್ದ ಚೀಟಿ ಇಸಕೊಂಡು ಓದಿ, ಜೇಬಿನಿಂದ ನಾಲ್ಕು ನೂರರ ನೋಟು ತೆಗೆದು ಎಲ್ಲರೆದುರು ಎಣಿಸಿ ಕೊಟ್ಟರು. "ಚೀಟಿ ಕಳದ್ರೆ ಅದು ನಮ್ಮ ತಪ್ಪು. ಮಾತು ಅಂದ್ರೆ ಮಾತು." ಜನ ಕೈ ಮುಗಿದರು. ಆವತ್ತಿನಿಂದ ಓಣಿಯಲ್ಲಿ ಆಡದವರೂ ಆಡೋಕೆ ಶುರು ಮಾಡಿದರು. ಅಪ್ಪನಂತೂ ಮುಗಿದೇ ಹೋಯಿತು. ಐದು ರೂಪಾಯಿ ಉಳಿಸಲಿಕ್ಕೆ ಹೋಗಿ ನಾನು ಅಪ್ಪನನ್ನು ಜನ್ಮಪೂರ್ತಿ ಆ ಅಂಗಡಿಗೆ ಕಟ್ಟಿಹಾಕಿದ್ದೆ.

ಜನ ಕರಗಿದ ಮೇಲೆ ಸಾಹುಕಾರ್ರು ಮಾವನ ಹೆಗಲ ಮೇಲೆ ಕೈ ಹಾಕಿದರು. ಎಷ್ಟು ಮೆತ್ತಗಿನ ದನಿ ಅಂತೀರಿ!

"ತಮ್ಮಾ, ಈ ತಿಂಗಳು ಸ್ಟೇಷನ್ನಿಗೆ ಒಂದು ಹೆಸರು ಬೇಕಾಗೈತೆ."

ಅರ್ಥವಾಯಿತೇ? ಠಾಣೆಗೆ ಮಾಮೂಲಿ ಹೋಗ್ತಿತ್ತು. ಆದರೆ ಮೇಲಿನವರು ಕೇಳಿದರೆ ತೋರಿಸಲಿಕ್ಕೆ ತಿಂಗಳಿಗೊಂದು ಎರಡು ಕೇಸೂ ಬೇಕಲ್ಲ? ಆ ಕೇಸಿಗೆ ಆರೋಪಿಯನ್ನು ಒದಗಿಸೋದು ಕೂಡ ಮೇಲಿನ ಮನೆಯ ಜವಾಬ್ದಾರಿ! 1963ರ ಕರ್ನಾಟಕ ಪೊಲೀಸ್ ಕಾಯ್ದೆ, ಕಲಂ 78(3). ನಮ್ಮ ಕಡೆಯ ಪತ್ರಿಕೆಗಳಲ್ಲಿ ಈ ನಂಬರು ನೀವೂ ಓದಿರ್ತೀರಿ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲದ ಜಾತಿಯ ಅಪರಾಧ ಅದು. ಆ ಒಂದು ಅನುಮತಿ ಇಲ್ಲ ಅನ್ನೋ ಕಾರಣಕ್ಕೇ ಹೈಕೋರ್ಟಿನಲ್ಲಿ ಎಷ್ಟೋ ಕೇಸು ಬಿದ್ದುಹೋಗಿವೆ. ಆದರೆ ಹೈಕೋರ್ಟಿಗೆ ಹೋಗೋ ಗೇಟ್‌ಕೀಪರ್ ಎಲ್ಲಿದ್ದಾನೆ? ಮಾವ ತಪ್ಪೊಪ್ಪಿಕೊಂಡ. ದಂಡ ಸಾಹುಕಾರ್ರೇ ಕಟ್ಟಿದರು. ಸಂಜೆಗೆ ಮನೆಗೆ ಕಳಿಸಿದರು, ಒಂದು ಟೆರಿಕಾಟ್ ಅಂಗಿ ಬಟ್ಟೆಯ ಸಮೇತ.

ಮಾರನೇ ದಿನ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು. ಮಟ್ಕಾ, ಬಂಧನ, ಮಾವನ ಹೆಸರು, ತಂದೆ ಹೆಸರು, ವಯಸ್ಸು 24.

ಆರು ತಿಂಗಳಿಗೆ ಕಂಡಕ್ಟರ್ ಕೆಲಸದ ಸಂದರ್ಶನಕ್ಕೆ ಕಾರ್ಡು ಬಂತು. ಮಾವ ಆ ಟೆರಿಕಾಟ್ ಅಂಗಿ ಹಾಕಿಕೊಂಡೇ ಹೋಗಿ ಬಂದ. ಆಯ್ಕೆಯೂ ಆಯಿತು ಅಂದರು. ಆಮೇಲೆ ಠಾಣೆಯಿಂದ ನಡತೆ ಸರ್ಟಿಫಿಕೇಟು ಬೇಕು ಅಂದರು. ಹೆಸರು ಕೇಳಿದ ಅದೇ ಠಾಣೆ, ಹೆಸರು ಬರೆದುಕೊಂಡ ಅದೇ ರಿಜಿಸ್ಟರು! ಸರ್ಟಿಫಿಕೇಟು ಬರಲಿಲ್ಲ. ಸಾಹುಕಾರ್ರ ಹತ್ತಿರ ಅಮ್ಮ ಹೋಗಿ ಕಣ್ಣೀರಿಟ್ಟಳು. "ಛೆ ಛೆ, ಹಿಂಗಾಗಬಾರದಿತ್ತು ತಾಯಿ" ಅಂದರಂತೆ. ನಿಜವಾಗಿ ಮರುಗಿದರು ಅಂತಲೇ ಅಮ್ಮ ಕಡೇವರೆಗೂ ಹೇಳ್ತಿದ್ದಳು. ಇದ್ದರೂ ಇರಬಹುದು, ನನಗೆ ಅನುಮಾನವಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸೋದು.

ಬಾಲ್ಕನಿಯ ಚಪ್ಪಾಳೆ

1981ರಲ್ಲಿ 'ಅಂತ' ಬಂತು. ಎಚ್.ಕೆ. ಅನಂತರಾವ್ ಅವರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ಅವರ ನಿರ್ದೇಶನ, ಅಂಬರೀಶ್ ಎರಡು ಪಾತ್ರ. ಹಿಂಸೆ ಅತಿಯಾಯಿತು ಅಂತ ಗದ್ದಲ ಎದ್ದ ಚಿತ್ರ. ಗದ್ದಲ ಎದ್ದಷ್ಟೂ ಕ್ಯೂ ಉದ್ದ! ನಮ್ಮ ಟಾಕೀಸಿಗೆ ಡಬ್ಬ ಬಂದ ದಿನ ರಸ್ತೆ ಬ್ಲಾಕು. ಮಾವ ಗೇಟಿನಲ್ಲೇ ಇದ್ದ, ಇನ್ನೆಲ್ಲಿಗೆ ಹೋಗ್ತಾನೆ? ನನ್ನನ್ನು ಒಳಗೆ ತಳ್ಳಿದ.

ಸಭ್ಯರ ವೇಷ ತೊಟ್ಟ ದೊಡ್ಡ ಮನುಷ್ಯರೇ ದಂಧೆಯ ಹಿಂದಿದ್ದಾರೆ ಅನ್ನೋದೇ ಆ ಚಿತ್ರದ ಕಿಚ್ಚು. ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್‌ನ ಉಗುರು ಕೀಳೋ ದೃಶ್ಯ ಬಂತು ನೋಡಿ, ಟಾಕೀಸಿಗೆ ಟಾಕೀಸೇ ಉಸಿರು ಹಿಡಿದು ಕೂತಿತ್ತು. ಮುಂದೆ ಅಂಬರೀಶ್ ತಿರುಗಿಬಿದ್ದಾಗ ಸಿಳ್ಳೆ, ಚಿಲ್ಲರೆ ತೂರಾಟ. ನಾನೂ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದೆ. ಮೊದಲ ಸಲ ಪರದೆ ಮೇಲೆ ನಮ್ಮೂರು ಕಂಡಿತ್ತು. ಮೀಸೆ ಇಲ್ಲದ ವಿಲನ್ನು ಕಂಡಿದ್ದ!

ಆ ಉನ್ಮಾದದಲ್ಲಿ ಹಿಂದಕ್ಕೆ ತಿರುಗಿ ಮೇಲೆ ನೋಡಿದೆ. ಪ್ರೊಜೆಕ್ಟರಿನ ಬೆಳಕಿನ ಕೆಳಗೆ ಬಾಲ್ಕನಿಯ ಮುಂದಿನ ಸಾಲು ಚೆನ್ನಾಗಿ ಕಾಣ್ತಿತ್ತು. ಬಿಳಿ ಪಂಚೆ ಸಾಹುಕಾರ್ರು ಕೂತಿದ್ದರು. ಪಕ್ಕದಲ್ಲಿ ಮಫ್ತಿಯಲ್ಲಿ ಠಾಣೆಯ ಸಾಹೇಬರು. ನಡುವೆ ಮಿರ್ಚಿ ಪೊಟ್ಟಣ.

ಅವರಿಬ್ಬರೂ ಚಪ್ಪಾಳೆ ಹೊಡೀತಾ ಇದ್ದರು! ನಮಗಿಂತ ಜೋರಾಗಿ!

ನಾನು ಬೆಂಚಿನಿಂದ ಇಳಿದು ಕೂತೆ. ಇಂಟರ್ವಲ್‌ನಲ್ಲಿ ಅವರಿಗೆ ಸೋಡಾ ಒಯ್ದು ಕೊಟ್ಟವನು ನಮ್ಮ ಮಾವ. ಬಾಗಿಲು ಹಿಡಿದು ನಿಂತು ಸಲಾಮು ಹೊಡೆದ. ಸಾಹುಕಾರ್ರು ಅವನ ಬೆನ್ನು ತಟ್ಟಿ, "ಪಿಚ್ಚರ್ ಭಾಳ ಚಲೋ ಐತೆ ನೋಡು. ಹಿಂಗಿರಬೇಕು ಆಫೀಸರು ಅಂದ್ರೆ" ಅಂದರಂತೆ. ಮಾವನೇ ಹೇಳಿದ್ದು, ನಗ್ತಾ ನಗ್ತಾ.

ವಜ್ರಮುನಿಯವರು 2006ರಲ್ಲಿ ತೀರಿಕೊಂಡಾಗ ನನಗೆ ಇದೆಲ್ಲ ನೆನಪಾಯಿತು. ಪಾಪ, ಆ ಮನುಷ್ಯ ಹೊಟ್ಟೆಪಾಡಿಗೆ ಕಣ್ಣು ಕೆಂಪು ಮಾಡಿ ಗುಡುಗಿದರು, ನಾವು ಅವರಿಗೆ ಹೆದರಿದೆವು. ಹೆದರಬೇಕಾದವರ ಕೈಯಿಂದ ಬಹುಮಾನ ಇಸಕೊಂಡೆವು.

ಆಮೇಲೆ

ಆಮೇಲಿನದು ಬೇಗ ಹೇಳಿ ಮುಗಿಸ್ತೀನಿ. ನಾನು ಮಾರನೇ ದಿನವೇ ಪೊಟ್ಟಣ ಒಯ್ಯೋದು ಬಿಟ್ಟೆ ಅಂತ ಬರೆದರೆ ಚೆನ್ನಾಗಿರ್ತಿತ್ತು. ಬಿಡಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ಒಯ್ದೆ. ಮನೆಗೆ ಆ ಎಂಟಾಣೆ ಬೇಕಾಗಿತ್ತು.

ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಪ್ಪನ ಹಿತ್ತಾಳೆ ಬಿಲ್ಲೆ ಟ್ರಂಕಿಗೆ ಸೇರಿತು, ಚಟ ಸೇರಲಿಲ್ಲ. ಮಟ್ಕಾ ಬಿಟ್ಟು ಲಾಟರಿ ಹಿಡಿದರು. ಬೀಡಾ ಅಂಗಡಿಯಲ್ಲಿ ಕದ್ದು ಬರೆದರೆ ಅಪರಾಧ, ಅದರ ಪಕ್ಕದ ಮೇಜಿನ ಮೇಲೆ ಮೈಕು ಹಾಕಿ ಮಾರಿದರೆ ಸರ್ಕಾರದ ವರಮಾನ! ನಮ್ಮ ರಾಜ್ಯದಲ್ಲಿ ಲಾಟರಿ ನಿಂತದ್ದು 2007ರಲ್ಲಿ. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ. ಸಾಹುಕಾರ್ರೂ ಇರಲಿಲ್ಲ. ಅವರ ಹೆಣದ ಮುಂದೆ ಬ್ಯಾಂಡು, ಹಿಂದೆ ಊರಿಗೆ ಊರು. ಅಂಗಡಿಗಳು ಅರ್ಧ ದಿನ ಮುಚ್ಚಿದ್ದವು. ಯಾರೂ ಹೆದರಿಸಿ ಮುಚ್ಚಿಸಲಿಲ್ಲ. ಟಾಕೀಸು ಇದ್ದ ಜಾಗದಲ್ಲಿ ಈಗ ಕಾಂಪ್ಲೆಕ್ಸು.

2020ರ ಮೇ ತಿಂಗಳಲ್ಲಿ ರತನ್ ಖತ್ರಿ ಸತ್ತ ಸುದ್ದಿ ಪತ್ರಿಕೆಯಲ್ಲಿ ಬಂತು. 1975ರ 'ಧರ್ಮಾತ್ಮ' ಚಿತ್ರದಲ್ಲಿ ಪ್ರೇಮ್‌ನಾಥ್ ಮಾಡಿದ ಪಾತ್ರಕ್ಕೆ ಈತನೇ ಮಾದರಿ ಅಂತಾರೆ. ಸಿನಿಮಾದವರು ಇಟ್ಟ ಹೆಸರು ನೋಡಿ, ಧರ್ಮಾತ್ಮ! ಆ ಸುದ್ದಿಯನ್ನು ಮಾವನಿಗೆ ಓದಿ ಹೇಳಿದೆ. ಲಾಕ್‌ಡೌನ್ ಅಂತ ಮಾವ ಆಗ ನಮ್ಮ ಮನೆಯಲ್ಲೇ ಇದ್ದ. ಓದಿ ಮುಗಿಸಿದವನು ತಡೆಯಲಾರದೆ ನಲವತ್ತು ವರ್ಷ ಬಚ್ಚಿಟ್ಟಿದ್ದನ್ನೂ ಹೇಳಿಬಿಟ್ಟೆ. "ಮಾವಾ, ಆವತ್ತು ಚೀಟಿ ಕಳೆದಿರಲಿಲ್ಲ. ನಾನೇ ಇಟ್ಟುಕೊಂಡಿದ್ದೆ."

ಮಾವ ಕನ್ನಡಕ ಒರೆಸಿಕೊಂಡ. "ಗೊತ್ತೈತಲೇ. ನಿನ್ನ ಕೈ ಚಡ್ಡಿ ಜೇಬಿನ ಮೇಲೇ ಇತ್ತು."

"ಮತ್ತೆ ಯಾಕೆ ನಿನ್ನ ಮೈಮೇಲೆ ಹಾಕ್ಕೊಂಡೆ?"

"ಸಾಹುಕಾರ್ರಿಗೆ ಹೆಸರು ಬೇಕಾಗಿತ್ತು. ನಿಂದು ಕೊಡ್ಲೇನು?"

ಹೋದ ವರ್ಷ ಒಂದು ಮದುವೆಗೆ ನಾವಿಬ್ಬರೂ ದಾವಣಗೆರೆಯಿಂದ ಹರಿಹರಕ್ಕೆ ಸರ್ಕಾರಿ ಬಸ್ಸಿನಲ್ಲಿ ಹೋದೆವು. ಮಾವನಿಗೆ ಈಗ ಎಪ್ಪತ್ತರ ಹತ್ತಿರ. ಕಂಡಕ್ಟರ್ ಹುಡುಗ ಮೆಷಿನ್ನಿನಿಂದ ಚೀಟಿ ಹರಿದು ಕೈಗಿಟ್ಟು ಮುಂದೆ ಹೋದ. ಮಾವ ಅವನನ್ನೇ, ಅವನ ಚರ್ಮದ ಬ್ಯಾಗನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಆ ಟಿಕೆಟ್ಟನ್ನು ಸರಿಯಾಗಿ ನಡುವೆ ಮಡಿಸಿ, ಉಗುರಿನಿಂದ ಗೀರಿ, ಎರಡು ಭಾಗ ಮಾಡಿ, ಅರ್ಧ ನನಗೆ ಕೊಟ್ಟ.